ಎಂಎಸ್ಸಿ ಮಕ್ಕಳಿಗೆ ಅಕಾಡೆಮಿಕ್ ಇಂಗ್ಲಿಷ್: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನ್ನ ಕ್ಲಾಸಿನಲ್ಲಿ ಜಾಸ್ತಿ ಮಂದಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದವರು. ಗ್ರಾಮರ್ ಪರವಾಗಿಲ್ಲ, ಆದರೆ ಪ್ರಾಜೆಕ್ಟ್ ರಿಪೋರ್ಟಿಗೆ ಪೀಠಿಕೆ ಬರೆಯಿರಿ ಅಂದರೆ ಇಂಟರ್ನೆಟ್ಟಿನಿಂದ ಎತ್ತಿ ಹಾಕುತ್ತಾರೆ. ಏನು ಮಾಡಲಿ?

ಉತ್ತರ 1: ಗ್ರಾಮರ್ ಪುಸ್ತಕ ಪಕ್ಕಕ್ಕಿಡಿ, ಅವರದೇ ವಿಷಯದ ಒಂದು ಸಂಶೋಧನಾ ಪೇಪರ್ ತನ್ನಿ. ಪೀಠಿಕೆಗೆ ಮೂರು ಹೆಜ್ಜೆ ಅಂತ ಭಾಷಾತಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ತೋರಿಸಿದ್ದಾರೆ: ಈ ವಿಷಯ ಯಾಕೆ ಮುಖ್ಯ, ಇಲ್ಲಿಯವರೆಗಿನ ಕೆಲಸದಲ್ಲಿ ಏನು ಬಾಕಿ ಇದೆ, ನಾವು ಏನು ಮಾಡಿದೆವು. ಮಕ್ಕಳೇ ಪೆನ್ಸಿಲ್ ಹಿಡಿದು ಗುರುತು ಹಾಕಲಿ. 'ಹೌಎವರ್' ಬಂದ ಕಡೆ ನೋಡಿ, ಎರಡನೇ ಹೆಜ್ಜೆ ಬಹಳ ಸಲ ಅಲ್ಲೇ ಶುರುವಾಗುತ್ತದೆ.

ಉತ್ತರ 2: ಪದಗಳಿಗೆ ಅವೆರಿಲ್ ಕಾಕ್ಸ್‌ಹೆಡ್ ಅವರ ಅಕಾಡೆಮಿಕ್ ವರ್ಡ್ ಲಿಸ್ಟ್ (ಅಕಾಡೆಮಿಕ್ ಬರಹದಲ್ಲಿ ಮತ್ತೆ ಮತ್ತೆ ಬರುವ ಪದಗಳ ಪಟ್ಟಿ) ನೋಡಿ, 2000ದಲ್ಲಿ ಬಂದದ್ದು, 570 ಪದ ಕುಟುಂಬಗಳಿವೆ, ಅಂದರೆ ಒಂದು ಮೂಲ ಪದ ಮತ್ತು ಅದರ ರೂಪಗಳು ಸೇರಿ ಒಂದು ಕುಟುಂಬ. ಸುಮ್ನೆ ಬಾಯಿಪಾಠ ಮಾಡಿಸಬೇಡಿ, ಪೇಪರಿನಲ್ಲೇ ಹುಡುಕಿಸಿ.

ಉತ್ತರ 3: ಎತ್ತಿ ಹಾಕುವುದು ಸೋಮಾರಿತನ ಅಲ್ಲ, ಹೇಳೋದು ಗೊತ್ತಿದ್ದರೂ ಇಂಗ್ಲಿಷಿನಲ್ಲಿ ವಾಕ್ಯ ಹುಟ್ಟುವುದಿಲ್ಲ, ಅಷ್ಟೇ. ಮೊದಲು ಪೇಪರ್ ಮುಚ್ಚಿಟ್ಟು ಕನ್ನಡದಲ್ಲಿ ಪಕ್ಕದವರಿಗೆ ವಿವರಿಸಲಿ, ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲಿ. ಕ್ಲಾಸಿನಲ್ಲಿ ಕನ್ನಡ ಬೇಡ ಅನ್ನುವವರ ಮಾತು ಕೇಳಬೇಡಿ.