ಜಪಾನಿನ ಯಹೂದಿಗಳ ಬಗ್ಗೆ ನಮ್ಮ ಗೈಡ್ ಅವ್ರನ್ನ ಕೇಳಿ: ಪ್ರಶ್ನೋತ್ತರ

ಅಡ್ಮಿನ್: ಈ ವಾರ ಉತ್ತರ ಕೊಡ್ತಿರೋರು ಕೋಬೆಯಲ್ಲಿ ಲೈಸೆನ್ಸ್ ಇಟ್ಕೊಂಡು ಟೂರಿಸ್ಟ್ ಗೈಡ್ ಆಗಿರೋ ನಮ್ಮ ಸದಸ್ಯರು. ಇಸ್ರೇಲ್, ಅಮೆರಿಕದಿಂದ ಬರೋ ಯಹೂದಿ ಗುಂಪುಗಳನ್ನ ಓಡಾಡಿಸೋದು ಅವರ ಕೆಲಸದ ದೊಡ್ಡ ಭಾಗ. ಪ್ರಶ್ನೆಗಳನ್ನ ಕೆಳಗೆ ಹಾಕಿ.

ಪ್ರಶ್ನೆ: ನಾನು ಟೋಕಿಯೊದಲ್ಲಿ ಐಟಿ ಕೆಲಸದಲ್ಲಿದ್ದೀನಿ. ಟೀಮಲ್ಲಿರೋ ಇಸ್ರೇಲಿ ಹುಡುಗ ಶುಕ್ರವಾರ ರಾತ್ರಿ ಛಬಾದ್ ಹೌಸ್‌ಗೆ ಊಟಕ್ಕೆ ಬಾ, ರಬ್ಬಿ (ಅವರ ಧರ್ಮಗುರು) ಹತ್ರ ಕೇಳಿದ್ದೀನಿ ಅಂದ. ಮನೇಲಿ ಹೇಳಿದ್ರೆ ಮತಾಂತರ ಗಿತಾಂತರ ಮಾಡಿಬಿಡ್ತಾರೆ ಹೋಗ್ಬೇಡ ಅಂತಿದ್ದಾರೆ. ಹೋಗ್ಬಹುದಾ?

ಉತ್ತರ: ಧಾರಾಳವಾಗಿ ಹೋಗಿ. ಯಹೂದಿಗಳಲ್ಲಿ ಬೇರೆಯವರನ್ನ ತಮ್ಮ ಧರ್ಮಕ್ಕೆ ಎಳ್ಕೊಳ್ಳೋ ಪದ್ಧತಿ ಇಲ್ಲ, ಯಾರಾದ್ರೂ ತಾವಾಗೇ ಬಂದು ನಾನು ಯಹೂದಿ ಆಗ್ತೀನಿ ಅಂದ್ರೂ ರಬ್ಬಿಗಳು ಮೊದಲು ಬೇಡ ಅಂತಾನೇ ಹೇಳಿ ನೋಡ್ತಾರೆ, ಆಮೇಲೂ ಬಿಡದೇ ಬಂದ್ರೆ ತುಂಬಾ ದಿನ ಓದಿಸಿ ಆಮೇಲಷ್ಟೇ ಒಪ್ಕೊಳ್ಳೋದು. ಛಬಾದ್‌ನವರು, ಅಂದ್ರೆ ಈ ಹೆಸರಿನ ಸಂಪ್ರದಾಯಸ್ಥ ಯಹೂದಿ ಪಂಥದೋರು, ಹುಡುಕೋದು ಯಹೂದಿಯಾಗಿ ಹುಟ್ಟಿ ಆಚಾರದಿಂದ ದೂರ ಆದೋರನ್ನ. 1951ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಈ ಪಂಥದ ಏಳನೇ ಗುರು ಆದ ಮೆನಾಖೆಮ್ ಮೆಂಡೆಲ್ ಶ್ನೀರ್‌ಸನ್ ಅವರು ಇದನ್ನ ದೊಡ್ಡದಾಗಿ ಬೆಳೆಸಿದ್ರು: ಮದುವೆಯಾದ ಗಂಡ ಹೆಂಡ್ತಿ ಒಂದು ಊರಿಗೆ ಹೋಗಿ, ಸಾಮಾನ್ಯವಾಗಿ ಬಾಳಿಡೀ ಅಲ್ಲೇ ಇದ್ದು, ಮನೆ ಬಾಗಿಲು ತೆಗೆದಿಡ್ಬೇಕು, ಖರ್ಚಿನ ದುಡ್ಡನ್ನೂ ಹೆಚ್ಚಾಗಿ ಅವರೇ ದಾನಿಗಳಿಂದ ಎತ್ಬೇಕು. ಮಿಲಿಟರಿ ಸೇವೆ ಮುಗಿಸಿ ಹಂಪಿ ಗೋಕರ್ಣದ ಕಡೆ ಸುತ್ತೋಕೆ ಬರೋ ಇಸ್ರೇಲಿ ಹುಡುಗ ಹುಡುಗೀರನ್ನ ನೀವು ನೋಡಿರ್ತೀರಿ, ಅಂಥೋರೇ ಜಪಾನಿಗೂ ಬರ್ತಾರೆ. ಊರಲ್ಲಿ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಕಡೆ ತಲೆ ಹಾಕದೋರು ಕೂಡ ಇಲ್ಲಿ ಶುಕ್ರವಾರ ರಾತ್ರಿ ಆ ಟೇಬಲ್ ಮುಂದೆ ಬಂದು ಕೂತ್ಕೋತಾರೆ.

ಹೋಗೋ ಮುಂಚೆ ಗೊತ್ತಿರ್ಬೇಕಾದ್ದು ಕೆಲವಿದೆ. ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳ್ಬಹುದು, ಯಾರು ಏನು ಅಂತ ಒಂದೆರಡು ಪ್ರಶ್ನೆ ಕೇಳ್ಬಹುದು, ದಯವಿಟ್ಟು ಬೇಜಾರು ಮಾಡ್ಕೋಬೇಡಿ. 2008ರ ನವೆಂಬರ್ 26ರ ದಾಳಿಯಲ್ಲಿ ಮುಂಬೈನ ನರಿಮನ್ ಹೌಸ್ ಒಳಗೇ ರಬ್ಬಿ ಗೇವ್ರಿಯಲ್ ಹೋಲ್ಟ್ಸ್‌ಬರ್ಗ್, ಅವರ ಹೆಂಡ್ತಿ ರಿವ್ಕಾ ಇಬ್ಬರೂ ಸತ್ರು, ಅದೂ ಛಬಾದ್ ಹೌಸೇ, ಮಗುವನ್ನ ನೋಡ್ಕೊಳ್ತಿದ್ದ ಆಯಾ ಎತ್ಕೊಂಡು ಹೊರಗೆ ಓಡಿ ಬಂದಿದ್ದಕ್ಕೆ ಮಗು ಉಳೀತು. ತೆರೆದ ಬಾಗಿಲಿಗೆ ಏನು ಬೆಲೆ ಅಂತ ಅವರಿಗೆ ಗೊತ್ತು, ಆದ್ರೂ ಬಾಗಿಲು ತೆರೆದಿಡ್ತಾರೆ. ನಾನು ಅವರನ್ನ ಗೌರವಿಸೋದೇ ಇದಕ್ಕೆ.

ಒಳಗೆ ಹೋದ್ಮೇಲೆ ಫೋನ್ ಹೊರಗೆ ತೆಗೀಬೇಡಿ, ಫೋಟೋ ಬೇಡವೇ ಬೇಡ, ಶುಕ್ರವಾರ ಸೂರ್ಯ ಮುಳುಗಿದ ಹೊತ್ತಿಂದ ಶನಿವಾರ ರಾತ್ರಿ ಕತ್ತಲಾಗೋವರೆಗೆ ಶಬ್ಬಾತ್, ಅಂದ್ರೆ ಅವರ ವಾರದ ವಿಶ್ರಾಂತಿ ದಿನ, ಆಗ ಬೆಂಕಿ, ಕರೆಂಟ್ ಸ್ವಿಚ್, ದುಡ್ಡು ಯಾವುದನ್ನೂ ಮುಟ್ಟಲ್ಲ. ಊಟಕ್ಕೆ ದುಡ್ಡು ಕೊಡೋದಿದ್ರೆ ಗುರುವಾರದ ಒಳಗೇ ಕಳಿಸಿಬಿಡಿ. ವೈನ್ ಬಾಟಲಿ ನೀವು ಎತ್ತಿ ಯಾರಿಗೂ ಸುರೀಬೇಡಿ, ಅದಕ್ಕೆ ನಮ್ಮಲ್ಲಿ ಮಡಿ ಇದ್ದ ಹಾಗೆ ಅವರದೇ ನಿಯಮ ಇದೆ, ಅವರೇ ಸುರಿದು ಕೊಡ್ತಾರೆ. ಕೈ ತೊಳೆದು ಬಂದ್ಮೇಲೆ ಎಲ್ರೂ ಇದ್ದಕ್ಕಿದ್ದಂಗೆ ಮಾತು ನಿಲ್ಲಿಸ್ತಾರೆ, ಕೋಪ ಅಲ್ಲ ಅದು, ಬ್ರೆಡ್ ಮೇಲೆ ಮಂತ್ರ ಹೇಳಿ ಮುರಿದು ಬಾಯಿಗೆ ಹಾಕೋವರೆಗೂ ಮಾತಾಡೋ ಹಾಗಿಲ್ಲ.

ಪ್ರಶ್ನೆ: ಜಪಾನಲ್ಲಿ ಒಟ್ಟು ಎಷ್ಟು ಜನ ಇರ್ಬಹುದು ಸರ್? ಸಮುದಾಯ ಅಂತ ಕರೆಯೋ ಅಷ್ಟು ಇದ್ದಾರಾ?

ಉತ್ತರ: ಸಾಮಾನ್ಯವಾಗಿ ಹೇಳೋ ಅಂದಾಜು ಒಂದೆರಡು ಸಾವಿರ, ಅದರಲ್ಲೂ ಬಹಳ ಜನ ಕಂಪನಿ ಕೆಲಸ, ಓದು ಅಂತ ಕೆಲವು ವರ್ಷ ಇದ್ದು ಹೋಗೋರು. ಟೋಕಿಯೊದ ಹಿರೋದಲ್ಲಿ ಜ್ಯೂಯಿಶ್ ಕಮ್ಯೂನಿಟಿ ಆಫ್ ಜಪಾನ್ ಇದೆ, 1953ರಲ್ಲಿ ಶುರುವಾಗಿದ್ದು, ಚೀನಾದ ಹಾರ್ಬಿನ್, ಶಾಂಘೈ ಕಡೆಯಿಂದ ಬಂದ ರಷ್ಯಾ ಮೂಲದ ಕುಟುಂಬಗಳದ್ದು ಅದನ್ನ ಕಟ್ಟೋದ್ರಲ್ಲಿ ದೊಡ್ಡ ಪಾಲು. ಅದು ಬೇರೆ, ಛಬಾದ್ ಬೇರೆ. ಅಲ್ಲಿ ನಾಲ್ಕಾರು ಥರದ ಆಚಾರದೋರು ಒಂದೇ ಸೂರಿನಡಿ ಹೊಂದ್ಕೊಂಡು ಹೋಗ್ಬೇಕು, ಸಣ್ಣ ಊರಿನ ಸಂಘ ನಡೆಸಿದೋರಿಗೆ ಅದು ಎಷ್ಟು ಕಷ್ಟ ಅಂತ ಗೊತ್ತು.

ಆದ್ರೆ ಸಾವಿರದ ಲೆಕ್ಕಕ್ಕಿಂತ ಹತ್ತರ ಲೆಕ್ಕ ದೊಡ್ಡದು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ವಯಸ್ಕರು ಬೇಕು, ಆರ್ಥೊಡಾಕ್ಸ್ ಅನ್ನೋ ಹಳೇ ಸಂಪ್ರದಾಯದ ಪದ್ಧತಿಯಲ್ಲಿ ಹತ್ತೂ ಗಂಡಸರೇ ಆಗ್ಬೇಕು, ಬೇರೆ ಕೆಲವು ಪಂಥಗಳಲ್ಲಿ ಹೆಂಗಸರನ್ನೂ ಎಣಿಸ್ತಾರೆ. ಅಪ್ಪನನ್ನೋ ಅಮ್ಮನನ್ನೋ ಕಳ್ಕೊಂಡೋರು ಹೇಳೋ ಕದ್ದಿಶ್ ಪ್ರಾರ್ಥನೆ ಕೂಡ ಹತ್ತು ಜನ ಇಲ್ಲದೇ ಹೇಳೋಕಾಗಲ್ಲ. ಹಾಗಾಗಿ ನನ್ನ ಟೂರ್ ಗುಂಪಿನೋರಿಗೆ ಫೋನ್ ಬರುತ್ತೆ, ನಾಳೆ ಬೆಳಿಗ್ಗೆ ಒಬ್ಬರಿಗೆ ಕದ್ದಿಶ್ ಇದೆ, ಇಬ್ಬರು ಕಮ್ಮಿ ಇದ್ದಾರೆ, ಬರ್ತೀರಾ ಅಂತ. ಆಗ ಪ್ರೋಗ್ರಾಂ ಬದಲಾಯಿಸ್ತೀನಿ, ದೇವಸ್ಥಾನ ಹನ್ನೊಂದು ಗಂಟೆಗೆ ನೋಡಿದ್ರೂ ನಡೆಯುತ್ತೆ.

ಪ್ರಶ್ನೆ: ಒಂದು ವಿಚಿತ್ರ ಡೌಟು. ಜಪಾನಲ್ಲಿ ದಿನ ಮೊದಲೇ ಶುರುವಾಗುತ್ತಲ್ಲ, ಅವರ ಶನಿವಾರ ಯಾವುದು?

ಉತ್ತರ: ಇದು ವಿಚಿತ್ರ ಅಲ್ಲ ಸ್ವಾಮಿ, ಇದಕ್ಕೆ 1941ರಲ್ಲಿ ಕೋಬೆಯಿಂದ ಜೆರುಸಲೇಮಿಗೆ ಟೆಲಿಗ್ರಾಂ ಹೋಗಿತ್ತು. ಹಿಂದಿನ ವರ್ಷ ಲಿಥುವೇನಿಯಾದ ಕೌನಸ್‌ನಲ್ಲಿ ಜಪಾನಿನ ವೈಸ್ ಕಾನ್ಸುಲ್ ಆಗಿದ್ದ ಚಿಯುನೆ ಸುಗಿಹಾರ ಅವರು ನಿರಾಶ್ರಿತರಿಗೆ ಟ್ರಾನ್ಸಿಟ್ ವೀಸಾ ಬರೆದುಕೊಟ್ರು, ಪಟ್ಟಿಯಲ್ಲಿ 2,139 ಹೆಸರಿದೆ. ಆ ಜನ ಸೈಬೀರಿಯಾ ರೈಲಲ್ಲಿ ವ್ಲಾಡಿವಾಸ್ಟಾಕ್, ಅಲ್ಲಿಂದ ಹಡಗಲ್ಲಿ ತ್ಸುರುಗಾ, ಆಮೇಲೆ ಕೋಬೆ. ಅವರಲ್ಲಿ ಮಿರ್ ಅನ್ನೋ ದೊಡ್ಡ ಧರ್ಮಪಾಠಶಾಲೆಯ ವಿದ್ಯಾರ್ಥಿಗಳೂ ಇದ್ರು. ವರ್ಷದ ಅತಿ ದೊಡ್ಡ ಉಪವಾಸ ಯೋಮ್ ಕಿಪ್ಪೂರ್ ಹತ್ರ ಬಂತು, ಯಾವ ದಿನ ಮಾಡೋದು? ಧರ್ಮಶಾಸ್ತ್ರದ ಪ್ರಕಾರ ದಿನರೇಖೆ, ಅಂದ್ರೆ ದಾಟಿದ್ರೆ ದಿನ ಬದಲಾಗೋ ಗೆರೆ, ಎಲ್ಲಿದೆ ಅನ್ನೋದೇ ತೀರ್ಮಾನ ಆಗಿರ್ಲಿಲ್ಲ. ಜೆರುಸಲೇಮಲ್ಲಿ ಮುಖ್ಯ ರಬ್ಬಿ ಹೆರ್ಜೋಗ್ ಸಭೆ ಕರೆದು ಬುಧವಾರ ಉಪವಾಸ ಮಾಡಿ ಅಂದ್ರು. ಖಜೋನ್ ಈಶ್ ಅಂತ ಹೆಸರಾದ ಪಂಡಿತರು ಬುಧವಾರ ಊಟ ಮಾಡಿ, ಗುರುವಾರ ಉಪವಾಸ ಮಾಡಿ ಅಂದ್ರು. ಅವರ ಪ್ರಕಾರ ರೇಖೆ ಜೆರುಸಲೇಮಿನಿಂದ ಪೂರ್ವಕ್ಕೆ 90 ಡಿಗ್ರಿ, ಅಂದ್ರೆ ಜಪಾನ್ ಆ ಕಡೆಗೆ ಬೀಳುತ್ತೆ, ಇಲ್ಲಿನ ಭಾನುವಾರವೇ ನಿಜವಾದ ಶಬ್ಬಾತ್ ಆಗುತ್ತೆ. ಮನೆ ಮಠ ಕಳ್ಕೊಂಡು ಪ್ರಾಣ ಉಳಿಸ್ಕೊಂಡು ಬಂದೋರು ಯಾವ ದಿನ ಹಸಿದಿರ್ಬೇಕು ಅಂತ ಇಷ್ಟು ಚಿಂತೆ ಮಾಡಿದ್ರು ಅನ್ನೋದನ್ನ ಹೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತೆ. ಈಗ ಇಲ್ಲಿ ಎಲ್ರೂ ಶನಿವಾರವೇ ಆಚರಿಸ್ತಾರೆ, ತುಂಬಾ ಕಟ್ಟುನಿಟ್ಟಿನೋರು ಭಾನುವಾರ ಕೂಡ ನಿಷಿದ್ಧ ಕೆಲಸ ಮಾಡಲ್ಲ, ನನ್ನ ಗುಂಪಲ್ಲಿ ಅಂಥೋರಿದ್ರೆ ಭಾನುವಾರ ಬಸ್ ಹತ್ತಿಸಲ್ಲ.

ಪ್ರಶ್ನೆ: ಜಪಾನಿಗಳೇ ಕಳೆದುಹೋದ ಯಹೂದಿ ಕುಲ ಅಂತ ಯೂಟ್ಯೂಬಲ್ಲಿ ನೋಡ್ದೆ, ಇಸ್ರೇಲ್ ಬಾವುಟ ಹಿಡ್ಕೊಂಡು ಹೀಬ್ರೂ ಹಾಡು ಹೇಳೋ ಜಪಾನಿಗಳನ್ನೂ ತೋರಿಸಿದ್ರು.

ಉತ್ತರ: ಅದಕ್ಕೆ ಆಧಾರ ಇಲ್ಲ, 19ನೇ ಶತಮಾನದಲ್ಲಿ ಇಲ್ಲಿದ್ದ ಒಬ್ಬ ಸ್ಕಾಟ್‌ಲ್ಯಾಂಡಿನವ ಹಬ್ಬಿಸಿದ ಕಥೆ. ಬಾವುಟ ಹಿಡಿದೋರು ಮಾಕುಯಾದೋರು ಇರ್ಬೇಕು, 1948ರಲ್ಲಿ ತೆಶಿಮಾ ಇಕುರೋ ಶುರು ಮಾಡಿದ ಕ್ರೈಸ್ತ ಪಂಗಡ ಅದು, ಇಸ್ರೇಲ್ ಮೇಲೆ ಬಹಳ ಪ್ರೀತಿ, ಆದ್ರೆ ಯಹೂದಿಗಳಲ್ಲ.

ಪ್ರಶ್ನೆ: ಅಕ್ಟೋಬರಲ್ಲಿ ಕೋಬೆಗೆ ಬರ್ತಿದ್ದೀವಿ, ಏನು ನೋಡ್ಬಹುದು? ಮಕ್ಕಳಿದ್ದಾರೆ.

ಉತ್ತರ: ಕಿತಾನೊ ಬೀದಿಗೆ ಬನ್ನಿ. 1923ರ ದೊಡ್ಡ ಭೂಕಂಪ ಆದ್ಮೇಲೆ ಯೊಕೊಹಾಮಾದ ಯಹೂದಿ ವ್ಯಾಪಾರಿಗಳು ಇಲ್ಲಿಗೆ ಬಂದ್ರು. ಈಗಿರೋ ಓಹೆಲ್ ಶೆಲೋಮೊ ಸಿನಗಾಗ್ 1970ರದ್ದು. ಅದರಿಂದ ನಡ್ಕೊಂಡು ಹೋಗೋ ದೂರದಲ್ಲೇ 1935ರ ಮಸೀದಿ, ಜಪಾನಿನ ಮೊದಲನೇದು, ಹಂಗೇ 1985ರ ಜೈನ ಬಸದಿ. ಸಿನಗಾಗ್‌ಗೆ ಮುಂಚೆ ಹೇಳದೇ ನುಗ್ಬೇಡಿ, ಅದು ಮ್ಯೂಸಿಯಂ ಅಲ್ಲ. ಅಕ್ಟೋಬರ್ ಸುತ್ತಮುತ್ತ ಅವರ ಹಬ್ಬಗಳು ಸಾಲಾಗಿ ಬರ್ತವೆ, ದಿನ ವಿಚಾರಿಸ್ಕೊಳ್ಳಿ. ನಿರಾಶ್ರಿತರ ಕಥೆ ಮಕ್ಕಳಿಗೆ ಹೇಳ್ಬೇಕು ಅಂದ್ರೆ ತ್ಸುರುಗಾ ಬಂದರಿನ ಮ್ಯೂಸಿಯಂಗೆ ಒಂದು ದಿನ ಇಡಿ.

ಪ್ರಶ್ನೆ: ಸತ್ತೋರನ್ನ ಏನ್ಮಾಡ್ತಾರೆ? ಜಪಾನಲ್ಲಿ ಎಲ್ರನ್ನೂ ಸುಡ್ತಾರಲ್ವಾ.

ಉತ್ತರ: ಹೌದು, ಇಲ್ಲಿ ಹೆಚ್ಚುಕಮ್ಮಿ ಎಲ್ಲಾ ದಹನವೇ, ಆದ್ರೆ ಅವರ ಧರ್ಮದಲ್ಲಿ ಹೂಳಲೇಬೇಕು. ಯೊಕೊಹಾಮಾ, ಕೋಬೆ, ನಾಗಸಾಕಿಯ ವಿದೇಶೀಯರ ಸ್ಮಶಾನಗಳಲ್ಲಿ ಅವರಿಗೆ ಬೇರೆ ಜಾಗ ಇದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಕೋಷರ್ ಊಟ ನಂಬ್ಕೊಂಡು ತಿನ್ಬಹುದಾ?

ಉತ್ತರ: ಕೋಷರ್ ಅಂದ್ರೆ ಯಹೂದಿ ಧರ್ಮದ ಆಹಾರ ನಿಯಮಕ್ಕೆ ಹೊಂದೋ ಊಟ, ಸಸ್ಯಾಹಾರ ಅಲ್ಲ. ಶುಕ್ರವಾರದ ಊಟದಲ್ಲಿ ಸಾಮಾನ್ಯವಾಗಿ ಮೀನು, ಕೋಳಿ ಇರುತ್ತೆ. ಪಾರ್ವೆ ಅಂತ ಬರೆದಿದ್ರೆ ಹಾಲು ಮಾಂಸ ಇಲ್ಲ ಅಂತ ಅಷ್ಟೇ, ಮೊಟ್ಟೆ ಮೀನು ಇರ್ಬಹುದು, ಮಿಲ್ಕ್ ಅಂತಿದ್ರೆ ಮಾಂಸ ಇರಲ್ಲ, ಮೀನು ಇರ್ಬಹುದು. ಸಾರಿಗೆ ಹಾಕೋ ದಾಶಿ ಪುಡಿಯ (ಸಾಮಾನ್ಯವಾಗಿ ಒಣಮೀನಿಂದ ಮಾಡಿದ್ದು) ಕಾಟ ನಿಮಗಿದ್ದಷ್ಟೇ ಅವರಿಗೂ ಇದೆ, ಅಂಗಡೀಲಿ ಪ್ಯಾಕೆಟ್ ತಿರುಗಿಸಿ ತಿರುಗಿಸಿ ಓದ್ತಾರೆ. ಮುಂಚೆನೇ ಮೆಸೇಜ್ ಮಾಡಿ ಮೊಟ್ಟೆ ಮೀನು ಎರಡೂ ಬೇಡ ಅಂತ ಬಿಡಿಸಿ ಹೇಳಿ, ಹುಮ್ಮಸ್, ಬದನೆಕಾಯಿ ಸಲಾಡ್, ಅನ್ನ ಇಷ್ಟು ಸಿಗುತ್ತೆ. ಶುಕ್ರವಾರ ಮಧ್ಯಾಹ್ನದ ಮೇಲೆ ಮಾತ್ರ ಮೆಸೇಜ್ ಮಾಡ್ಬೇಡಿ, ಅಡುಗೆಮನೆಯಲ್ಲಿ ಕೈ ಬಿಡುವಿರಲ್ಲ, ಆಮೇಲೆ ಶನಿವಾರ ರಾತ್ರಿವರೆಗೂ ಯಾರೂ ನೋಡಲ್ಲ.