ಅಪ್ಪನ ಫೋನಲ್ಲಿ ಚಲನ್ ಆಪ್ ಕೂತ್ಬಿಟ್ಟಿದೆ, ಅನ್‌ಇನ್‌ಸ್ಟಾಲ್ ಆಗ್ತಾನೇ ಇಲ್ಲ

ಪುಣೆ_ಕನ್ನಡಿಗ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ಅಪ್ಪ ಅಮ್ಮ ಇರೋದು ರಾಜಾಜಿನಗರದಲ್ಲಿ, ನಾನು ಪುಣೇಲಿ. ನಿನ್ನೆ ಸಂಜೆ ಅಪ್ಪನ ವಾಕಿಂಗ್ ಗ್ರೂಪಿಗೆ ಅವ್ರ ಹಳೇ ಕಲೀಗ್ ನಂಬರಿಂದ "ಆರ್‌ಟಿಒ ಚಲನ್" ಅಂತ ಒಂದು ಫೈಲ್ ಬಂದಿದೆ, ಗಾಡಿ ಮೇಲೆ ದಂಡ ಇದೆ ಫೋಟೋ ನೋಡ್ಕೊಳ್ಳಿ ಅಂತ. ಬೇರೆ ಯಾರಾದ್ರೂ ಆಗಿದ್ರೆ ಬಿಟ್ಟಾಕ್ತಿದ್ರೇನೋ, ನಮ್ಮಪ್ಪ 2023ರ ಫೆಬ್ರವರೀಲಿ ಟ್ರಾಫಿಕ್ ದಂಡ ಅರ್ಧ ಕಟ್ಟಿದ್ರೆ ಸಾಕು ಅಂತ ಆಫರ್ ಬಂದಾಗ ಕ್ಯೂ ನಿಂತು ಕಟ್ಟಿ ಬಂದೋರು, 2025ರ ಆಗಸ್ಟಲ್ಲಿ ಮತ್ತೆ ಬಿಟ್ಟಾಗ್ಲೂ ಮೊದಲ್ನೇ ವಾರಾನೇ ಹೋಗಿದ್ರು, ಈಗ ಮತ್ತೊಂದು ಬಂತು ಅನ್ಕೊಂಡು ಒತ್ತೇಬಿಟ್ಟಿದಾರೆ. ಅದು ಎಪಿಕೆ ಫೈಲು, ಅಂದ್ರೆ ಒತ್ತಿದ್ರೆ ಫೋನಿಗೆ ಆಪ್ ಹಾಕೋ ಫೈಲು. ಇನ್‌ಸ್ಟಾಲ್ ಆದ್ಮೇಲೆ ಅಪ್‌ಡೇಟ್ ಮಾಡಿ ಅಂತು, ಮಾಡಿದಾರೆ. ಎಸ್ಸೆಮ್ಮೆಸ್ಸು, ಕಾಲು, ಕಾಂಟ್ಯಾಕ್ಟು ಎಲ್ಲಾದಕ್ಕೂ ಪರ್ಮಿಷನ್ ಕೊಟ್ಟಿದಾರೆ. ಕೊನೇಗೆ 1 ರೂಪಾಯಿ ಕಟ್ಟಿ ವೆರಿಫೈ ಮಾಡಿ ಅಂತ ಪೇಜ್ ಬಂದು ಯುಪಿಐ ಪಿನ್ ಕೇಳಿದೆ, ಅದನ್ನೂ ಹಾಕಿದಾರೆ 🤦

ಈಗ ಐಕಾನ್ ಮಾಯ. ಸೆಟ್ಟಿಂಗ್ಸಲ್ಲಿ ಹುಡ್ಕಿ ಅನ್‌ಇನ್‌ಸ್ಟಾಲ್ ಒತ್ತಿದ್ರೆ ಸೆಟ್ಟಿಂಗ್ಸೇ ಪಟ್ ಅಂತ ಕ್ಲೋಸ್ ಆಗಿ ಹೋಮ್ ಸ್ಕ್ರೀನಿಗೆ ಬಂದ್ಬಿಡತ್ತಂತೆ, ನಾಲ್ಕು ಸಲ ಟ್ರೈ ಮಾಡಿದ್ರಂತೆ. ವಿಡಿಯೋ ಕಾಲಲ್ಲಿ ನೋಡೋಣ ಅಂದ್ರೆ ಅದೇ ಫೋನಿಂದ ಮಾಡ್ಬೇಕು. ಸ್ಕ್ರೀನ್ ಶೇರ್ ಮಾಡೋ ಆಪ್ ಯಾವ್ದಾದ್ರೂ ಹಾಕ್ಸಿ ನಾನೇ ಇಲ್ಲಿಂದ ತೆಗೀಲಾ? ಇದುವರೆಗೂ ದುಡ್ಡು ಹೋದಂಗಿಲ್ಲ.

ಹುಬ್ಬಳ್ಳಿ_ಮೊಬೈಲ್:
ಅಣ್ಣಾ ಸ್ಕ್ರೀನ್ ಶೇರ್ ಗೀರ್ ಏನೂ ಹಾಕಸಬ್ಯಾಡ್ರಿ, ಕಳ್ಳ ಒಳಗ ಕುಂತಾಗ ಇನ್ನೊಂದು ಬಾಗಿಲಾ ತಗದಂಗ ಆಕ್ಕೈತಿ. ಮೊದಲ ವೈಫೈ, ಡೇಟಾ ಎರಡೂ ಬಂದ್ ಮಾಡಸ್ರಿ. ಆಮ್ಯಾಲೆ ಸಿಮ್ ಹೊರಗ ತಗದು ಮನ್ಯಾಗಿಂದ ಒಂದು ಕೀಪ್ಯಾಡ್ ಫೋನಿಗೆ ಹಾಕಸ್ರಿ. ಆಪ್ ತಗಿಯೂದು ಆಮ್ಯಾಲಿನ ಮಾತು, ಎಲ್ಲಾರೂ ಇಲ್ಲೇ ತಪ್ಪತಾರ, ತಾಸುಗಟ್ಲೆ ಆ ಆಪ್ ಜೋಡಿ ಗುದ್ದ್ಯಾಡ್ತಾರ, ಅಷ್ಟರಾಗ ಅಕಡೆ ಓಟಿಪಿ ಒಂದೊಂದ ಹೊಂಟಿರ್ತಾವ.

ಅದರ ಕೆಲಸ ಹೆಂಗಂದ್ರ, ಅವ್ರು ತಮ್ಮ ಫೋನಿನ್ಯಾಗ ನಿಮ್ಮಪ್ಪನ ನಂಬರ್ ಹಾಕಿ ಯುಪಿಐ ಚಾಲೂ ಮಾಡ್ತಾರ. ಸಿಮ್ ವೆರಿಫೈ ಮಾಡಾಕ ಒಂದು ಎಸ್ಸೆಮ್ಮೆಸ್ ಹೋಗಬೇಕಲ್ಲ, ಅದನ್ನ ಈ ಆಪ್ ನಿಮ್ಮಪ್ಪನ ಸಿಮ್‌ನಿಂದನ ಕಳಸತೈತಿ. ಪಿನ್ ಅಂತೂ ಅವ್ರ ಕೈಯಾಗ ಕೊಟ್ಟೇ ಬಿಟ್ಟಾರ. ಅದಕ್ಕ ಸಿಮ್ ಹೊರಗ ಅಂದಿದ್ದು. ಸಿಮ್ ಇಲ್ಲಾಂದ್ರ ಅದಕ್ಕ ಕಣ್ಣೂ ಇಲ್ಲ ಬಾಯೀನೂ ಇಲ್ಲ.

ಅನ್‌ಇನ್‌ಸ್ಟಾಲ್ ಒತ್ತಿದ ಕೂಡ್ಲೆ ಸೆಟ್ಟಿಂಗ್ಸ್ ಮುಚ್ಚಾಕತ್ತೈತಿ ಅಂದ್ರ ಆಕ್ಸೆಸಿಬಿಲಿಟಿ ಪರ್ಮಿಷನ್ ಕೊಟ್ಟಾರ. ಕಣ್ಣು ಕಾಣದವರಿಗೆ ಅನುಕೂಲ ಆಗ್ಲಿ ಅಂತ ಇಟ್ಟ ಸೌಲತ್ತು ಅದು, ಸ್ಕ್ರೀನ್ ಮ್ಯಾಲಿಂದ ಓದಾಕ, ಬಟನ್ ಒತ್ತಾಕ ಬರತೈತಿ. ನೀವು ಅನ್‌ಇನ್‌ಸ್ಟಾಲ್ ಕಡೆ ಹೋಗೂದನ್ನ ಅದು ನೋಡಿಕೋತನ ಇರತೈತಿ, ನೋಡಿದ ಗಳಿಗಿಗೆ ತಾನ ಬ್ಯಾಕ್ ಒತ್ತತೈತಿ. ಪರಿಹಾರ ಸೇಫ್ ಮೋಡ್. ಪವರ್ ಬಟನ್ ಒತ್ತಿ ಹಿಡೀರಿ, ಪವರ್ ಆಫ್ ಅಂತ ಬರತೈತಲ್ಲ, ಅದರ ಮ್ಯಾಲೆ ಬೆರಳು ಇಟ್ಟ ಹಿಡೀರಿ, ಸೇಫ್ ಮೋಡ್ ಅಂತ ಕೇಳಿದ್ರ ಓಕೆ. ಕೆಲವು ಕಂಪನಿ ಫೋನಿನ್ಯಾಗ ಪೂರ್ತಿ ಆಫ್ ಮಾಡಿ, ಆನ್ ಮಾಡುವಾಗ ಲೋಗೋ ಬಂದ ಮ್ಯಾಲೆ ವಾಲ್ಯೂಮ್ ಡೌನ್ ಹಿಡೀಬೇಕು. ಯಾವ ಫೋನ್ ಅಂತ ಹೇಳ್ರಿ. ಸೇಫ್ ಮೋಡಿನ್ಯಾಗ ನಾವು ಹಾಕಿದ ಆಪ್ ಯಾವ್ದೂ ಏಳಂಗಿಲ್ಲ, ಸತ್ತಂಗ ಬಿದ್ದಿರ್ತಾವ. ಮೊದಲ ಸೆಕ್ಯುರಿಟಿ ಒಳಗ ಡಿವೈಸ್ ಅಡ್ಮಿನ್ ಆಪ್ಸ್ ಅಂತ ಇರತೈತಿ, ಫೋನಿನ ಮ್ಯಾಲೆ ಹೆಚ್ಚಿನ ಅಧಿಕಾರ ಇರೂ ಆಪ್‌ಗಳ ಲಿಸ್ಟ್ ಅದು, ಅಲ್ಲಿ ಟಿಕ್ ತಗೀರಿ, ಆಮ್ಯಾಲೆ ಆಕ್ಸೆಸಿಬಿಲಿಟಿ ಆಫ್, ಆಮ್ಯಾಲೆ ಅನ್‌ಇನ್‌ಸ್ಟಾಲ್.

ಅಪ್‌ಡೇಟ್ ಕೇಳಿತ್ತು ಅಂದ್ರಿ, ಹಂಗಾದ್ರ ಅಲ್ಲಿ ಒಂದಲ್ಲ ಎರಡು ಇರ್ತಾವ. ಮೊದಲಿಂದು ಬರೇ ಹೊತ್ಕೊಂಡು ಬರೂದು, ಖರೆ ಕಳ್ಳ ಎರಡನೇದು. ಆಪ್ ಲಿಸ್ಟಿನ್ಯಾಗ ಹೆಸರ ಇಲ್ಲದ್ದು, ಖಾಲಿ ಐಕಾನ್ ಇದ್ದದ್ದು ಹುಡುಕ್ರಿ. ಮದುವಿ ಕಾರ್ಡ್ ಅಂತ ಬಂದ ಎಪಿಕೆ ಒತ್ತಿದವರ ಫೋನ್ ನಮ್ಮ ಅಂಗಡಿಗೆ ಭಾಳ ಬರ್ತಾವ, ಎಲ್ಲಾದ್ರಾಗೂ ಇದ ಕಥಿ.

ಸುಮ್ನೆ_ಓದೋಳು:
ಮೇಲಿನವ್ರು ಫೋನ್ ಬಗ್ಗೆ ಹೇಳಿದ್ದೆಲ್ಲಾ ಸರಿ, ಬ್ಯಾಂಕ್ ಬಿಟ್ಟೋಯ್ತು. ನಾನು ಬ್ಯಾಂಕಲ್ಲಿ ಇದ್ದೋಳು (ಯಾವ್ದು ಅಂತ ಕೇಳ್ಬೇಡಿ). ಇವತ್ತೇ, ಈಗ್ಲೇ, ಬ್ಯಾಂಕ್ ಕಸ್ಟಮರ್ ಕೇರಿಗೆ ಬೇರೆ ಫೋನಿಂದ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಮೂರೂ ಬ್ಲಾಕ್ ಮಾಡ್ಸಿ. ದುಡ್ಡು ಹೋಗಿಲ್ಲ ಅಂತ ಸುಮ್ನೆ ಕೂರ್ಬೇಡಿ, ರಾತ್ರಿ ಎರಡು ಗಂಟೆಗೆ ತೆಗೀತಾರೆ, ಎಲ್ರೂ ಮಲಗಿರೋ ಹೊತ್ತು ನೋಡಿ. ಎಫ್‌ಡಿ ಇದ್ರೆ ಆನ್‌ಲೈನಲ್ಲೇ ಮುರಿದು ಸೇವಿಂಗ್ಸಿಗೆ ಹಾಕ್ಕೊಂಡು ತೆಗಿಯೋದೂ ಇದೆ, ರಿಟೈರ್ ಆದವ್ರ ಅಕೌಂಟಲ್ಲಿ ಅದೇ ದೊಡ್ಡ ಭಯ. ಕಂಪ್ಲೇಂಟ್ ನಂಬರ್ ತಪ್ಪದೆ ಬರ್ಕೊಳ್ಳಿ, ಟೈಮ್ ಸಮೇತ. ಆರ್‌ಬಿಐ 2017ರ ಜುಲೈ ಸುತ್ತೋಲೇಲಿ ತಂದ ನಿಯಮದ ಪ್ರಕಾರ ಗ್ರಾಹಕರೇ ಪಿನ್ ಕೊಟ್ಟಿದ್ರೆ ಬ್ಯಾಂಕಿಗೆ ಹೇಳೋವರೆಗಿನ ನಷ್ಟ ಗ್ರಾಹಕರದ್ದು, ಹೇಳಿದ್ಮೇಲೆ ಹೋದ್ರೆ ಬ್ಯಾಂಕಿಂದು. ಅಂದ್ರೆ ನಿಮ್ಮ ಕೈಲಿರೋದು ಆ ಟೈಮ್ ಒಂದೇ.

ದುಡ್ಡೇನಾದ್ರೂ ಹೋದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮಾಡಿ, ಮೊದಲ ಒಂದೆರಡು ಗಂಟೇಲೇ ಮಾಡಿದ್ರೆ ಆ ಕಡೆ ಅಕೌಂಟಲ್ಲಿ ತಡೆ ಹಿಡಿಯೋ ಚಾನ್ಸ್ ಜಾಸ್ತಿ.

ಕೋಡ್_ಕಾಫಿ:
ಕ್ಲೀನ್ ಆಗೋವರೆಗೂ ಆ ಫೋನಿಂದ ಒಂದು ಪಾಸ್‌ವರ್ಡ್ ಕೂಡ ಬದಲಾಯಿಸ್ಬೇಡಿ, ಹೊಸಾದೂ ಅವ್ರಿಗೇ ಸಿಗತ್ತೆ. ಜಿಮೇಲ್ ಪಾಸ್‌ವರ್ಡ್ ನಿಮ್ಮ ಲ್ಯಾಪ್‌ಟಾಪಿಂದ ಬದಲಾಯಿಸಿ ಎಲ್ಲಾ ಡಿವೈಸಿಂದ ಸೈನ್ ಔಟ್ ಮಾಡಿ. ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸಸ್ (ಅದೇ ಅಕೌಂಟ್ ಓಪನ್ ಆಗಿರೋ ಬೇರೆ ಫೋನು, ಕಂಪ್ಯೂಟರು) ನೋಡಿ ಗೊತ್ತಿಲ್ದೇ ಇರೋದೆಲ್ಲಾ ಲಾಗ್ ಔಟ್, ಟು ಸ್ಟೆಪ್ ಪಿನ್ ಹಾಕಿ. ಆ ಕಲೀಗ್ ನಂಬರಿಂದ ಬಂತು ಅಂದ್ರಲ್ಲ, ಪಾಪ ಅವ್ರದ್ದೂ ಇದೇ ಆಗಿರತ್ತೆ, ಗ್ರೂಪಲ್ಲಿ ಫೋನ್ ಮಾಡಿ ಹೇಳಿ, ಮೆಸೇಜ್ ಹಾಕಿದ್ರೆ ಕಳ್ಳನೇ ಡಿಲೀಟ್ ಮಾಡ್ತಾನೆ. ಕಾಲ್ ಫಾರ್ವರ್ಡಿಂಗ್ ಆನ್ ಆಗಿದ್ಯಾ ಅಂತಾನೂ ನೋಡಿ, ಆಗಿದ್ರೆ ಬ್ಯಾಂಕಿಂದ ವೆರಿಫೈ ಮಾಡೋಕೆ ಬರೋ ಕಾಲು ಸೀದಾ ಅವ್ರಿಗೇ ಹೋಗತ್ತೆ.

ಮತ್ತೆ ನನ್ನ ಪ್ರಕಾರ ಸೇಫ್ ಮೋಡಲ್ಲಿ ತೆಗೆದು ಸುಮ್ನಾಗೋದು ಬೇಡ, ಫ್ಯಾಕ್ಟರಿ ರೀಸೆಟ್ ಮಾಡ್ಬಿಡಿ, ಅಂದ್ರೆ ಫೋನಲ್ಲಿರೋದೆಲ್ಲಾ ಅಳಿಸಿ ಹೊಸದರ ಥರ ಮಾಡೋದು.

ಹುಬ್ಬಳ್ಳಿ_ಮೊಬೈಲ್:
ಎಲ್ಲಾದಕ್ಕೂ ರೀಸೆಟ್ ಬೇಕಾಗಿಲ್ರಿ. ಎರಡೂ ಆಪ್ ಹೋದ್ವು, ಅಡ್ಮಿನ್ ಲಿಸ್ಟ್ ಖಾಲಿ, ಆಕ್ಸೆಸಿಬಿಲಿಟಿ ಖಾಲಿ, ಪ್ಲೇ ಪ್ರೊಟೆಕ್ಟ್ (ಪ್ಲೇ ಸ್ಟೋರಿನ್ಯಾಗ ಇರೂ ಕೆಟ್ಟ ಆಪ್ ಹುಡುಕೂ ಸೌಲತ್ತು) ಸ್ಕ್ಯಾನ್ ಕ್ಲೀನ್ ಅಂದ್ರ ಸಾಕು. ವಯಸ್ಸಾದವರ ಫೋನ್ ರೀಸೆಟ್ ಮಾಡಿದ್ರ ಮೊಮ್ಮಕ್ಕಳ ಫೋಟೋ ಹೋತು ಅಂತ ಮೂರ್ ತಿಂಗಳು ಬೈತಾರ.

ಕೋಡ್_ಕಾಫಿ:
ಫೋಟೋ ಮೊದ್ಲು ಯುಎಸ್‌ಬಿ ಹಾಕಿ ಕಾಪಿ ಮಾಡ್ಕೊಳ್ಳಿ, ಫೋಟೋ ಮಾತ್ರ, ಡೌನ್‌ಲೋಡ್ ಫೋಲ್ಡರ್ ಬಿಟ್ಟು. ಇದು ನಿಮ್ಮ ಅಂಗಡಿಗೆ ಬಂದ ಫೋನ್ ಅಲ್ಲ ಸ್ವಾಮಿ, ನೀವಾದ್ರೆ ಕಣ್ಣಲ್ಲಿ ನೋಡಿ ಹೇಳ್ತೀರ, ಅಲ್ಲಿ ನೋಡೋರ್ಯಾರು? ಪಿನ್ ಕೊಟ್ಟಾಗಿರೋ ಫೋನಲ್ಲಿ ಪಿಂಚಣಿ ದುಡ್ಡು ಇಡೋಕೆ ನಂಗಂತೂ ಧೈರ್ಯ ಬರಲ್ಲ.

ಹುಬ್ಬಳ್ಳಿ_ಮೊಬೈಲ್:
ಅದೂ ಖರೇನ. ದೂರ ಇದ್ದವರಿಗೆ ರೀಸೆಟ್ ಚಲೋ.

ಪುಣೆ_ಕನ್ನಡಿಗ:
ಲೇಟಾಗಿ ಬರೀತಿದೀನಿ, ಸಾರಿ. ಪಕ್ಕದ ಮನೆ ಹುಡುಗ, ಪಿಯುಸಿ ಓದ್ತಿರೋನು, ಅವನ ಫೋನಲ್ಲಿ ನಾನು ವಿಡಿಯೋ ಕಾಲು, ಅಪ್ಪನ ಫೋನ್ ಅವನ ಕೈಲಿ, ಅಮ್ಮ ಹಿಂದೆ ನಿಂತು ಅಪ್ಪನ್ನ ಬೈತಾ ಇದ್ರು. ಸೇಫ್ ಮೋಡ್ ಕರೆಕ್ಟಾಗಿ ಬಂತು. ಹುಬ್ಬಳ್ಳಿಯವ್ರು ಹೇಳಿದಂಗೇ ಎರಡಿತ್ತು, ಒಂದು ಚಲನ್ ಹೆಸರಲ್ಲಿ, ಇನ್ನೊಂದು ಲಿಸ್ಟಲ್ಲಿ ಬರೀ ಖಾಲಿ ಜಾಗ, ಪಕ್ಕದಲ್ಲಿ 11 ಎಂಬಿ ಅಂತ ಮಾತ್ರ, ಹುಡುಗ ಬೆರಳಿಟ್ಟು ತೋರಿಸಿದಾಗ ನಂಗೆ ಒಂಥರಾ ಮೈ ಜುಮ್ ಅಂತು. ಎರಡೂ ತೆಗೆದು, ಫೋಟೋ ಕಾಪಿ ಮಾಡಿ, ರೀಸೆಟ್ಟೂ ಆಯ್ತು. ವಾಟ್ಸಾಪಲ್ಲಿ ಒಂದು ಗೊತ್ತಿಲ್ದೇ ಇರೋ ಕಂಪ್ಯೂಟರ್ ಲಿಂಕ್ ಆಗಿತ್ತು.

ದುಡ್ಡಿನ ವಿಷ್ಯ, ಬ್ಯಾಂಕಿಗೆ ಮಾಡೋ ಅಷ್ಟರಲ್ಲಿ 9,500 ಹೋಗಿತ್ತು. ರಾತ್ರಿ 2.14ಕ್ಕೆ, ಅಕ್ಕ ಹೇಳಿದ ಟೈಮೇ! ಮೆಸೇಜೇ ಬಂದಿಲ್ಲ ಅಪ್ಪಂಗೆ, ಆಪೇ ನುಂಗಿರ್ಬೇಕು, ಸ್ಟೇಟ್‌ಮೆಂಟ್ ತೆಗ್ಸಿದ್ಮೇಲೆ ಗೊತ್ತಾಗಿದ್ದು. 1930ಗೆ ಹೇಳಿ ನಂಬರ್ ತಗೊಂಡಿದೀವಿ, ಬರತ್ತೋ ಇಲ್ವೋ. ಎಫ್‌ಡಿಗೆ ಏನೂ ಆಗಿಲ್ಲ, ಪುಣ್ಯ.

ಆಮೇಲೆ ಸುಮ್ನೆ ಇರ್ಲಿ ಅಂತ ನನ್ನ ಲ್ಯಾಪ್‌ಟಾಪಲ್ಲಿ ಸರ್ಕಾರದ ಅಸಲಿ ಪರಿವಾಹನ್ ಸೈಟಿಗೆ ಹೋಗಿ, ಕೊನೇಲಿ ಗವ್ ಡಾಟ್ ಇನ್ ಇದ್ಯಾ ಅಂತ ಎರಡೆರಡು ಸಲ ನೋಡಿ, ಅಪ್ಪನ ಸ್ಕೂಟರ್ ನಂಬರ್ ಹಾಕಿದೆ. ನಿಜವಾಗ್ಲೂ ಒಂದು ದಂಡ ಇದೆ, 500 ರೂಪಾಯಿ, ಹೆಲ್ಮೆಟ್ ಇಲ್ಲ, ಫೋಟೋದಲ್ಲಿ ಅಪ್ಪನ ಕೆಂಪು ಸ್ವೆಟರ್ ಕ್ಲಿಯರ್ ಆಗಿ ಕಾಣತ್ತೆ. ಅಪ್ಪ ಈಗ ಇದನ್ನೂ ಫೇಕು ಅಂತಿದಾರೆ, ಕಟ್ಟಲ್ವಂತೆ.