ಸಹಾಯ ಬೇಕು: ಮೇಲ್ವಿಚಾರಕರ ತರಬೇತಿಗೆ ಸನ್ನಿವೇಶಗಳು

ಎಲ್ಲರಿಗೂ ನಮಸ್ಕಾರ. ಅಂಗವೈಕಲ್ಯವುಳ್ಳ ಸಿಬ್ಬಂದಿ ಕೆಲಸದಲ್ಲಿ ಅನುಕೂಲ ಕೋರಿದಾಗ ಹೇಗೆ ಮಾತನಾಡಬೇಕೆಂದು ನಮ್ಮ ಹನ್ನೆರಡು ಮಂದಿ ಮೇಲ್ವಿಚಾರಕರಿಗೆ ಅರ್ಧ ದಿನದ ತರಬೇತಿ ಕೊಡುವ ಹೊಣೆ ನನ್ನದು.

ಕಳೆದ ತಿಂಗಳು ಕಿವಿ ಮಂದವಿರುವ ಸಹೋದ್ಯೋಗಿಯೊಬ್ಬರು, ಸಭೆಯ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡುವಂತೆ ಮಾಡಬಹುದೇ ಎಂದು ಕೇಳಿದರು. "ನಿಮಗೆ ಎಷ್ಟು ಕೇಳಿಸುತ್ತದೆ? ಡಾಕ್ಟರ್ ಏನೆಂದರು?" ಎಂದು ಮೇಲ್ವಿಚಾರಕರು ಎಲ್ಲರೆದುರೇ ವಿಚಾರಿಸಿದರು. ಅವರು ಕೆಟ್ಟವರಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ. "ಇರಲಿ ಬಿಡಿ ಸರ್" ಎಂದು ಆಕೆ ತಲೆ ತಗ್ಗಿಸಿ ಕುಳಿತುಬಿಟ್ಟರು. ಆ ಮಾತು ನನ್ನನ್ನು ಇನ್ನೂ ಚುಚ್ಚುತ್ತಿದೆ.

ಸಮಂಜಸ ಹೊಂದಾಣಿಕೆಯನ್ನು, ಅಂದರೆ ಅಂಗವೈಕಲ್ಯವುಳ್ಳವರಿಗೆ ಬೇಕಾದ, ಅತಿ ಹೊರೆಯಾಗದಂಥ ಬದಲಾವಣೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 2ನೇ ವಿಧಿ ಹೇಳುತ್ತದೆ. ಇದನ್ನು ಸ್ಲೈಡಿನಲ್ಲಿ ತೋರಿಸುವುದು ಸುಲಭ. ಕಷ್ಟವಿರುವುದು ಮೊದಲ ಐದು ನಿಮಿಷದ ಮಾತಿನಲ್ಲಿ. ಕಾಯಿಲೆಯನ್ನು ಕೆದಕದೆ, "ಕೆಲಸದ ಯಾವ ಭಾಗ ತೊಡಕಾಗುತ್ತಿದೆ? ಏನು ಬದಲಾದರೆ ಅನುಕೂಲ?" ಎಂದು ಏಕಾಂತದಲ್ಲಿ ಕೇಳಬೇಕು. ನಿಂತಲ್ಲೇ "ಆಗದು" ಎನ್ನಬಾರದು. ಒಪ್ಪಿದ್ದನ್ನು ಬರೆದಿಟ್ಟು, ಕೆಲವು ವಾರಗಳ ನಂತರ ಅದು ನೆರವಾಯಿತೇ ಎಂದು ಮತ್ತೆ ವಿಚಾರಿಸಬೇಕು. ಇದೆಲ್ಲ ಅಭ್ಯಾಸದಿಂದಲೇ ಬರುವಂಥದ್ದು.

ಅದಕ್ಕಾಗಿ ಇಬ್ಬಿಬ್ಬರು ಆಡಿ ನೋಡುವಂಥ ಸಣ್ಣ ಸಂಭಾಷಣೆಗಳು ಬೇಕಾಗಿವೆ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವಂಥ ಆಟಗಳು ಬೇಡ, ಅವು ಮರುಕವನ್ನಷ್ಟೇ ಹುಟ್ಟಿಸುತ್ತವೆ ಎಂಬುದು ನನ್ನ ಅನಿಸಿಕೆ. ಖಿನ್ನತೆ, ದೀರ್ಘಕಾಲದ ನೋವಿನಂಥ ಕಣ್ಣಿಗೆ ಕಾಣದ ತೊಂದರೆಗಳ ಸನ್ನಿವೇಶಗಳಿದ್ದರೆ ಬಹಳ ಉಪಕಾರ. "ಅವರಿಗೆ ಮಾತ್ರ ಏಕೆ?" ಎಂದು ತಂಡದವರು ಕೇಳಿದಾಗ, ಆ ವ್ಯಕ್ತಿಯ ಖಾಸಗಿ ವಿಷಯ ಬಿಟ್ಟುಕೊಡದೆ ಏನು ಉತ್ತರಿಸುತ್ತೀರಿ?

ಸ್ವತಃ ಇಂಥ ಅನುಕೂಲ ಕೇಳಿದವರು ಇಲ್ಲಿದ್ದರೆ, ಆಗ ಯಾವ ಮಾತು ಧೈರ್ಯ ಕೊಟ್ಟಿತು, ಯಾವುದು ನೋಯಿಸಿತು ಎಂದು ದಯವಿಟ್ಟು ತಿಳಿಸಿ.